ಪೂಜೆಗೆ ಕೂತ ಪಾನಾ

ಕಳೆದ ವರ್ಷ ಆಯುಧ ಪೂಜೆಯಾಗಿ ಹನ್ನೊಂದನೆಯ ದಿನ. ಭಾನುವಾರ, ಮಧ್ಯಾಹ್ನ ಒಂದೂವರೆ ಗಂಟೆಯ ಸುಮಾರು. ಸಿರುಗುಪ್ಪ ಊರಿನೊಳಗೆ ಹೋಗುವ ಮುನ್ನ ರಸ್ತೆಯ ಎಡಕ್ಕಿರುವ ಒಂದು ಪಂಕ್ಚರ್ ಅಂಗಡಿಯ ಮುಂದೆ ಇದು ನಡೆಯಿತು. ನಾನು ಬಳ್ಳಾರಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಂಡಷ್ಟನ್ನೇ ಬರೆಯುವುದು ಅಲ್ಲಿಯ ಅಭ್ಯಾಸ. ಇಲ್ಲಿಯೂ ಕಂಡಷ್ಟನ್ನೇ ಬರೆಯುತ್ತೇನೆ. ನಡುವೆ ಸಿಟ್ಟು ಇಣುಕಿದರೆ ಓದುಗರು ಕ್ಷಮಿಸಬೇಕು. ಅದು ಇನ್ನೂ ಪೂರ್ತಿ ಇಳಿದಿಲ್ಲ.

ನಮ್ಮ ಮನೆ ಪಾರ್ವತಿನಗರದಲ್ಲಿದೆ. ನಮ್ಮ ಯಜಮಾನರು ಶ್ರೀನಿವಾಸ, ಕನ್ನಡಕದ ಅಂಗಡಿ ಇಟ್ಟಿದ್ದಾರೆ. ವಾರದಲ್ಲಿ ಆರು ದಿನ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಗಾಜು ಕೂರಿಸುವ ಮನುಷ್ಯ. ಏಳನೆಯ ದಿನ ಬೇರೆಯವರೇ ಆಗಿಬಿಡುತ್ತಾರೆ. ನಾಲ್ಕು ವರ್ಷದ ಹಿಂದೆ ಒಂದು ಹಳೆಯ ಜೀಪು ಕೊಂಡರು. ಅಲ್ಲಿಂದ ನಮ್ಮ ಭಾನುವಾರಗಳು ಕುರುಗೋಡಿನ ಬಂಡೆಗಳಿಗೂ ರಾರಾವಿ ಕಡೆಯ ಹೊಳೆಯ ಮರಳಿಗೂ ಮೀಸಲಾದವು. ಜೊತೆಗೆ ಅವರ ಕಾಲೇಜು ಕಾಲದ ಗೆಳೆಯ ವೀರೇಶ. ಸಿರುಗುಪ್ಪದಲ್ಲಿ ಬೀಜ, ಗೊಬ್ಬರದ ಅಂಗಡಿ ಅವರದು. ಅವರ ಹತ್ತಿರವೂ ಒಂದು ಜೀಪಿದೆ. ಇಬ್ಬರೂ ಸೇರಿದರೆ ಐವತ್ತರ ವಯಸ್ಸು ಮರೆತುಹೋಗಿ ಹದಿನೆಂಟಕ್ಕೆ ಇಳಿಯುತ್ತದೆ.

ಬಂಡೆ, ಮರಳಿನ ಮೇಲೆ ಓಡಿಸುವಾಗ ಟೈರಿನ ಗಾಳಿಯನ್ನು ಬಹಳ ಇಳಿಸುತ್ತಾರೆ. ಮೆತ್ತಗಾದ ಟೈರು ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಟೈರಿನ ಅಂಚನ್ನು ಚಕ್ರದ ಉಕ್ಕಿನ ಡಿಸ್ಕಿಗೆ ಒತ್ತಿ ಹಿಡಿದಿರುವುದೇ ಒಳಗಿನ ಗಾಳಿ. ಅದು ತೀರ ಕಡಿಮೆಯಾದರೆ ಅಂಚು ಜಾರಿ, ಟೈರೇ ಕಳಚಿಕೊಳ್ಳುತ್ತದೆ. ರಾರಾವಿ ಹತ್ತಿರದ ಮರಳಿನಲ್ಲಿ ನಮಗೆ ಒಮ್ಮೆ ಹಾಗೇ ಆಯಿತು. ಅದಾದ ತಿಂಗಳಿಗೆ ಯಜಮಾನರು ಬೀಡ್‌ಲಾಕ್ ಚಕ್ರಗಳನ್ನು ತಂದರು. ಇವುಗಳಲ್ಲಿ ಟೈರಿನ ಹೊರ ಅಂಚನ್ನು ಒಂದು ದಪ್ಪ ಉಕ್ಕಿನ ರಿಂಗು ಡಿಸ್ಕಿಗೆ ಕಚ್ಚಿ ಹಿಡಿಯುತ್ತದೆ. ಗಾಳಿ ಎಷ್ಟೇ ಇಳಿಸಿದರೂ ಟೈರು ಕಳಚುವುದಿಲ್ಲ. ರಿಂಗನ್ನು ಹಿಡಿದಿರುವುದು ಸುತ್ತಲಿನ ಇಪ್ಪತ್ನಾಲ್ಕು ಬೋಲ್ಟು. ನಾಲ್ಕು ಚಕ್ರಕ್ಕೆ ತೊಂಬತ್ತಾರು.

ಈ ತೊಂಬತ್ತಾರು ಬೋಲ್ಟುಗಳೇ ನನ್ನ ಸಂಸಾರದ ಗೋಳು.

ಚಕ್ರಗಳ ಜೊತೆ ಮಡಿಚಿದ ಒಂದು ಕಾಗದ ಬಂದಿತ್ತು. ಯಜಮಾನರು ಅದನ್ನು ಡಬ್ಬಿಯೊಂದಿಗೆ ಎಸೆಯಲು ಹೊರಟಿದ್ದರು. ನಾನು ಎತ್ತಿಟ್ಟುಕೊಂಡು ಓದಿದೆ. ಬೋಲ್ಟುಗಳು ಓಡಾಟದ ಅದುರಿಗೆ ಸಡಿಲವಾಗುತ್ತವೆ, ಆಗಾಗ ಬಿಗಿ ನೋಡಬೇಕು. ಸಾಲಾಗಿ ಬಿಗಿಯಬಾರದು, ಒಂದನ್ನು ಬಿಗಿದರೆ ಮುಂದಿನದು ಅದರ ಎದುರಿನದು. ಒಮ್ಮೆಲೇ ಪೂರ್ತಿ ಬಿಗಿಯಬಾರದು. ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಮೂರು ಸುತ್ತಿನಲ್ಲಿ ಬಿಗಿಯಬೇಕು. ಎಲ್ಲದರ ಬಿಗಿಯೂ ಒಂದೇ ಸಮ ಇರಬೇಕು. ಕೊನೆಗೆ ದಪ್ಪ ಅಕ್ಷರದಲ್ಲಿ ಒಂದು ಮಾತು: ಟೈರಿನ ಗಾಳಿಯನ್ನು ಪೂರ್ತಿ ಬಿಡದೆ ರಿಂಗಿನ ಯಾವ ಬೋಲ್ಟನ್ನೂ ಸಡಿಲಿಸಕೂಡದು. ಆ ಕಾಗದವನ್ನು ನಾನು ಬೀರುವಿನ ಬಾಗಿಲಿನ ಒಳಗೆ ಅಂಟಿಸಿದೆ.

ಸಮನಾಗಿ ಬಿಗಿಯಲು ಟಾರ್ಕ್ ರೆಂಚ್ ಎಂಬ ಉದ್ದನೆಯ ಪಾನಾ, ಅಂದರೆ ಸ್ಪ್ಯಾನರು, ಬೇಕು. ಎಷ್ಟು ಬಿಗಿ ಬೇಕೆಂದು ಮೊದಲೇ ಗುರುತು ಹಾಕಿಟ್ಟರೆ, ಅಷ್ಟಾದ ಕೂಡಲೇ ಅದು 'ಟಿಕ್' ಎನ್ನುತ್ತದೆ. ನಮ್ಮ ಮನೆಯಲ್ಲಿ ಅದರ ಹೆಸರು ಟಿಕ್ ಪಾನಾ. ಮೊದಲೆರಡು ಸಲ ಯಜಮಾನರೇ ಬಿಗಿದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಪಾನಾ. ಬಳೆ ತಿರುಗಿಸಿದ ಹಾಗೆ ಒಂದರ ಪಕ್ಕ ಒಂದು ಸಾಲಾಗಿ ಬಿಗಿಯುತ್ತ ಹೋದರು. ನೋಡಲಾರದೆ ನಾನು ಪಾನಾ ಇಸಿದುಕೊಂಡೆ. ಅವತ್ತಿನಿಂದ ಆ ಕೆಲಸ ನನ್ನದೇ ಆಯಿತು. ಬಿಗಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ರಿಂಗಿನವರೆಗೆ ಬಿಳಿ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆಯುತ್ತಿದ್ದೆ. ಬೋಲ್ಟು ಸ್ವಲ್ಪ ತಿರುಗಿದರೂ ಗೆರೆ ತುಂಡಾಗುತ್ತದೆ. ಆಗ ಯಾವುದು ಸಡಿಲವಾಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ಲ್ಯಾಬಿನಲ್ಲಿ ಕೊಳವೆಗಳಿಗೆ ಗುರುತು ಹಾಕಿ ಹಾಕಿ ಬಂದ ಬುದ್ಧಿ ಇದು.

"ಸೀನಾ, ನಿನ್ನ ಜೀಪಿಗೆ ಡಾಕ್ಟ್ರು ಮನ್ಯಾಗ ಅದಾರ ಬಿಡಲೇ" ಎಂದು ವೀರೇಶ ನಗುತ್ತಿದ್ದರು. ಯಜಮಾನರೂ ನಗುತ್ತಿದ್ದರು. ಬೆನ್ನು ಹಿಡಿದುಕೊಂಡು ಏಳುತ್ತಿದ್ದವಳು ನಾನು.

ಇನ್ನು ಆಯುಧ ಪೂಜೆಯ ದಿನಕ್ಕೆ ಬರುತ್ತೇನೆ.

ಅಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ಕಲಸುತ್ತಿದ್ದೆ. ಹೊರಗೆ ಜೀಪು ತೊಳೆಯುವ ಸದ್ದು ಕೇಳುತ್ತಿತ್ತು. ನಮ್ಮ ಅತ್ತೆಯವರಿಗೆ ಎಪ್ಪತ್ತಾರು ವರ್ಷ. ಮಡಿಯುಟ್ಟು ಬಾಗಿಲಲ್ಲಿ ನಿಂತು ಉಸ್ತುವಾರಿ ನೋಡುತ್ತಿದ್ದರು. ಬಿಳಿ ಗೆರೆಗಳು ಅವರ ಕಣ್ಣಿಗೆ ಬಿದ್ದವು. ಅವರು ಹೇಳಿದ್ದು ನನಗೆ ಒಳಗಿನಿಂದಲೇ ಕೇಳಿಸಿತು.

"ಸೀನೂ, ಚಕ್ರಕ್ಕ ಇದೇನೋ ಸುಣ್ಣ ಸಿಡಿಸಿದಂಗ? ಹಬ್ಬದ ದಿನ ವಾಹನ ಲಕ್ಷಣಾಗಿ ಇರಬ್ಯಾಡೇನು? ಒರಸಿಬಿಡು."

ಕುಕ್ಕರಿನ ಸೀಟಿಯ ನಡುವೆ ನಾನು ಅದನ್ನು ಯಾವುದೋ ಕಲೆಯ ಬಗ್ಗೆ ಎಂದುಕೊಂಡೆ. ಹೊರಗೆ ಬಂದು ನೋಡಿದಾಗ ಹನ್ನೊಂದು ಗಂಟೆ. ತೊಂಬತ್ತಾರು ಗೆರೆಗಳೂ ಸೀಮೆಎಣ್ಣೆಯ ಬಟ್ಟೆಯಲ್ಲಿ ಮಾಯವಾಗಿದ್ದವು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಾಲ್ಕೂ ರಿಂಗುಗಳಿಗೆ ಕೆಂಪು ಬಣ್ಣ ಬಳಿದಿದ್ದರು. ಎಡಗಡೆಯ ಹಿಂದಿನ ಚಕ್ರದ ರಿಂಗಿನಲ್ಲಿ ತುಕ್ಕಿತ್ತಂತೆ. ಬಣ್ಣ ನೀಟಾಗಿ ಕೂರಲಿ ಎಂದು ಆ ಚಕ್ರದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಉಜ್ಜಿ, ಬಣ್ಣ ಹಚ್ಚಿ, ಎಣ್ಣೆ ಸವರಿ, ಮತ್ತೆ ಹಾಕಿದ್ದರು. ಟೈರಿನಲ್ಲಿ ಗಾಳಿ ತುಂಬಿದ್ದಾಗಲೇ.

"ಗಾಳಿ ಬಿಟ್ಟಿದ್ರೇನು?" ಎಂದು ಕೇಳಿದೆ.

"ಒಂದೊಂದ ಬಿಚ್ಚಿದ್ರ ಏನಾಗೂದಿಲ್ಲ. ಆತೇನು ನೋಡು? ಏನೂ ಆಗಲಿಲ್ಲ."

"ಮತ್ತ ಬಿಗಿ? ಟಿಕ್ ಪಾನಾದಿಂದ ಬಿಗಿದ್ರಿ?"

ಅವರು ದೇವರ ಮನೆಯ ಕಡೆ ಕೈ ತೋರಿಸಿದರು. ಅಲ್ಲಿ ಮಣೆಯ ಮೇಲೆ ಅವರ ಅಂಗಡಿಯ ಕತ್ತರಿ, ಸ್ಕ್ರೂಡ್ರೈವರು, ನನ್ನ ಈಳಿಗೆಮಣೆ, ಎಲ್ಲದರ ನಡುವೆ ಟಿಕ್ ಪಾನಾ. ಮೇಲೆ ಚೆಂಡುಹೂವಿನ ಮಾಲೆ, ಗಂಧ, ಅಕ್ಷತೆ. ಬಣ್ಣ ಒಣಗುವಷ್ಟರಲ್ಲಿ ಅತ್ತೆಯವರು ಎಲ್ಲ ಆಯುಧಗಳನ್ನೂ ಪೂಜೆಗಿಟ್ಟುಬಿಟ್ಟಿದ್ದರು. ಪೂಜೆಗೆ ಕೂತ ಆಯುಧವನ್ನು ಮರುದಿನ ಮತ್ತೆ ಪೂಜೆ ಮಾಡಿ ಇಳಿಸುವವರೆಗೆ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಆ ದಿನ ಕತ್ತರಿಗೆ ಬಟ್ಟೆ ಸೋಕಿಸುವುದಿಲ್ಲ, ತರಕಾರಿಯನ್ನೂ ಹಿಂದಿನ ದಿನವೇ ಹೆಚ್ಚಿಡುತ್ತೇವೆ. ಹಾಗಾಗಿ ಯಜಮಾನರು ಡಿಕ್ಕಿಯ ಮೂಲೆಯಲ್ಲಿದ್ದ, ಪೂಜೆಗೆ ಲೆಕ್ಕವಿಲ್ಲದ ಒಂದು ಗೇಣುದ್ದದ ಪಾನಾದಿಂದ ಇಪ್ಪತ್ನಾಲ್ಕು ಬೋಲ್ಟುಗಳನ್ನು ಕೈಯಳತೆಗೆ ತಿರುಗಿಸಿ ಬಿಟ್ಟಿದ್ದರು.

"ನಾಳೆ ಇಳಿಸಿದ ಮ್ಯಾಲ ಬಿಗಿದ್ರಾತು. ಜೀಪೇನು ಓಡಿ ಹೋಗ್ತದೇನು?" ಎಂದರು ಅತ್ತೆಯವರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಹಬ್ಬದ ದಿನ, ಹಿರಿಯರ ಮುಂದೆ ಏನನ್ನಲಿ? "ನಿಮ್ಮ ಬೋಲ್ಟು, ನಿಮ್ಮ ಪಾನಾ. ಇನ್ನ ಮ್ಯಾಲ ನಾನು ಮುಟ್ಟಂಗಿಲ್ಲ" ಎಂದು ಹೇಳಿ ಒಳಗೆ ಹೋದೆ. ಮರುದಿನ ವಿಜಯದಶಮಿ. ಬನ್ನಿ ಕೊಡಲು ಬರುವವರು, ಹೋಗುವವರು. ಪಾನಾ ಮಣೆಯಿಂದ ಇಳಿದು ಬೀರುವಿಗೆ ಹೋಯಿತು. ನಂತರದ ಭಾನುವಾರ ನಾನು ಬೇಕೆಂದೇ ತವರಿನವರ ಮನೆಗೆ ಹೊರಟೆ. ಹೋಗುವಾಗ ಜೀಪಿನ ಪಕ್ಕದಲ್ಲೇ ಹಾದುಹೋದೆ. ಗೆರೆಯಿಲ್ಲದ ಕೆಂಪು ಚಕ್ರ ನನ್ನನ್ನೇ ನೋಡಿದಂತೆ ಅನಿಸಿತು. ಬಗ್ಗಿ ನೋಡಲಿಲ್ಲ. ಹಟ.

ಎರಡನೆಯ ಭಾನುವಾರ ವೀರೇಶರ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಬೆಳಿಗ್ಗೆ ಕುರುಗೋಡಿನಲ್ಲಿ ಬಂಡೆ ಹತ್ತಿಸಿ, ಅಲ್ಲಿಂದ ಸಿರುಗುಪ್ಪಕ್ಕೆ ಹೋಗುವುದೆಂದು ಗೆಳೆಯರಿಬ್ಬರ ಲೆಕ್ಕಾಚಾರ. ಹೊರಡುವಾಗ ಒಂದೇ ಮಾತು ಕೇಳಿದೆ.

"ಬಿಗಿ ನೋಡೀರೇನು?"

"ಟೈಟ್ ಮಾಡೀನೇಳು ಮಾರಾಯ್ತಿ, ಎಷ್ಟ್ ಸಲ ಕೇಳ್ತಿ?"

ಅವರು ಹೇಳಿದ್ದು ಆ ಗೇಣುದ್ದದ ಪಾನಾದ ಕೆಲಸವನ್ನು. ಟಿಕ್ ಪಾನಾವನ್ನು ಅವರು ಬೀರುವಿನಿಂದ ತೆಗೆದೇ ಇರಲಿಲ್ಲ. ಅದು ನನಗೆ ಗೊತ್ತಾದದ್ದು ಆಮೇಲೆ. ಇನ್ನೊಂದು ವಿಷಯವೂ ಆಮೇಲೆ ಗೊತ್ತಾಯಿತು. ಬಂಡೆ ಹತ್ತಲು ಭಾರ ಕಡಿಮೆಯಿರಲಿ ಎಂದು ಸ್ಟೆಪ್ನಿಯನ್ನೂ ಮನೆಯಲ್ಲೇ ಬಿಟ್ಟಿದ್ದರು.

ಕುರುಗೋಡಿನಲ್ಲಿ ಎರಡು ಗಂಟೆ ಬಂಡೆಗಳ ಮೇಲೆ ಏರಿಳಿದರು. ನಾನು ಒಂದು ಬೇವಿನ ಮರದ ಕೆಳಗೆ ಕೂತು ನೋಡುತ್ತಿದ್ದೆ. ವಾಪಸ್ ರಸ್ತೆಗೆ ಬಂದು, ಜೊತೆಗಿದ್ದ ಚಿಕ್ಕ ಪಂಪಿನಿಂದ ಟೈರುಗಳಿಗೆ ಗಾಳಿ ತುಂಬಿದರು. ವೀರೇಶ ತಮ್ಮ ಜೀಪಿನಲ್ಲಿ ಮುಂದೆ, ನಾವು ಹಿಂದೆ. ಸುಮಾರು ಅರ್ಧ ದಾರಿ ಬಂದಿರಬೇಕು. ನನ್ನ ಹಿಂದಿನಿಂದ ಒಂದು ಸದ್ದು ಕೇಳಲು ಶುರುವಾಯಿತು. ಟಕ್. ಟಕ್. ಟಕ್. ವೇಗ ಹೆಚ್ಚಿಸಿದರೆ ಅದೂ ಹೆಚ್ಚುತ್ತಿತ್ತು, ಕಡಿಮೆ ಮಾಡಿದರೆ ಅದೂ ಕಡಿಮೆಯಾಗುತ್ತಿತ್ತು.

"ರೀ, ಎಡಕ್ಕ ಹಿಂದಿನ ಚಕ್ರ ಸದ್ದು ಮಾಡ್ಲಿಕ್ಹತ್ತದ."

"ಟೈರಿನ್ಯಾಗ ಕಲ್ಲು ಸಿಕ್ಕಿರಬೇಕು."

"ಕಲ್ಲಿನ ಸದ್ದಲ್ಲ."

"ನಿನಗ ಕಲ್ಲಿನ ಭಾಷಾನೂ ಬರ್ತದೇನು?"

ಹತ್ತು ನಿಮಿಷದ ನಂತರ ಜೀಪು ಎಡಕ್ಕೆ ಎಳೆಯತೊಡಗಿತು. ಸಿರುಗುಪ್ಪ ಮುಟ್ಟುವ ಮೊದಲೇ ಆ ಪಂಕ್ಚರ್ ಅಂಗಡಿ ಸಿಕ್ಕಿತು. ನಿಲ್ಲಿಸಿದರು. ವೀರೇಶರೂ ತಿರುಗಿ ಬಂದು ನಿಲ್ಲಿಸಿದರು.

ಅಂಗಡಿಯವರ ಹೆಸರು ಮಾಬುಸಾಬ್. ಅರವತ್ತು ದಾಟಿದ, ಬಿಳಿ ಗಡ್ಡದ, ಸಣ್ಣ ಮೈಯ ಮನುಷ್ಯ. ತಗಡಿನ ಚಪ್ಪರ, ಗಾಳಿಯ ಟ್ಯಾಂಕು, ನೀರಿನ ತೊಟ್ಟಿ, ಕೂರಲು ಒಂದು ಗಿಡ್ಡ ಮರದ ಮಣೆ. ಇಷ್ಟೇ ಅವರ ಅಂಗಡಿ. ಚಕ್ರದ ಮುಂದೆ ಬಂದು ನಿಂತು ತಲೆ ಕೆರೆದುಕೊಂಡರು.

"ಇದೇನ್ರಿ ಸಾರ್, ಬಾಂಡ್ಲಿಗಿ ಗುಂಡಿ ಹಚ್ಚಿ ಹೊಲಿದಂಗ ಐತಿ! ಇವು ಖರೇ ಬೋಲ್ಟೋ, ಷೋಕಿ ಬೋಲ್ಟೋ? ಈಗಿನ ಕಾರಿನ್ಯಾಗ ಸುಮ್ಮನ ಚಂದಕ್ಕ ಅಂಟಿಸಿರ್ತಾರ ನೋಡ್ರಿ, ಅದಕ್ಕ ಕೇಳಿದೆ."

"ಖರೇನ ಅವ. ಮ್ಯಾಲಿನ ರಿಂಗು ಹಿಡಕೊಂಡಿರ್ತಾವಷ್ಟ" ಎಂದರು ಯಜಮಾನರು.

ಮಾಬುಸಾಬರು ಜಾಕಿ ಕೊಟ್ಟು ಜೀಪನ್ನು ಎತ್ತಿದರು. ಗಾಳಿ ಎಲ್ಲಿ ಸೋರುತ್ತದೆಂದು ನೋಡಲು ಟೈರನ್ನು ಗಟ್ಟಿಯಾಗಿ ತುಂಬಿದರು. ಮೀಟರಿನ ಮುಳ್ಳನ್ನು ನಾನು ನೋಡಿದೆ. ನಲವತ್ತು ಪೌಂಡಿನಲ್ಲಿತ್ತು. ಸೋಪಿನ ನೀರು ಸವರಿದಾಗ ರಿಂಗಿನ ಒಂದು ಬದಿಯಲ್ಲಿ ಬುರುಗು ಎದ್ದಿತು. ಅಲ್ಲಿ ಬಗ್ಗಿ ಎಣಿಸಿದೆ. ಇಪ್ಪತ್ನಾಲ್ಕರಲ್ಲಿ ಮೂರು ಬೋಲ್ಟು ಇರಲೇ ಇಲ್ಲ. ಮೂರೂ ಅಕ್ಕಪಕ್ಕದವು. ದಾರಿಯಲ್ಲೆಲ್ಲೋ ಉದುರಿದ್ದವು.

ಉಳಿದವನ್ನು ಬಿಗಿಯಲು ನೋಡಿದರು. ಎರಡು ಬೋಲ್ಟು, ಸುರುಳಿ ಗೆರೆ ಸವೆದು, ಸುಮ್ಮನೆ ತಿರುಗಿದವು.

"ಹಿಡಿಯಾಕ ಒಲ್ಲವು. ಮರಿ ಹೋಗ್ಯಾವ" ಎಂದರು ಮಾಬುಸಾಬರು.

"ರಿಂಗ ತಗದ ನೋಡಿಬಿಡ್ರಿ ಚಾಚಾ. ಟೈರಿನ ಅಂಚು ಹರದೈತೇನೋ" ಎಂದರು ವೀರೇಶ.

ನಾನು ಯಜಮಾನರ ಪಕ್ಕಕ್ಕೆ ಹೋಗಿ ಮೆಲ್ಲಗೆ ಹೇಳಿದೆ: "ರೀ, ಮೊದಲ ಗಾಳಿ ಬಿಡಸ್ರಿ."

"ನಾ ಮನ್ಯಾಗ ಗಾಳಿ ಇದ್ದಾಗನ ಬಿಚ್ಚಿಲ್ಲೇನು? ನೀ ಒಳಗ ಕೂಡು ಹೋಗು, ಬಿಸಿಲದ."

ವೀರೇಶರಿಗೆ ಹೇಳಿದೆ: "ವೀರೇಶಣ್ಣ, ನೀವರ ಹೇಳ್ರಿ. ಕಾಗದದಾಗ ಬರದದ, ಗಾಳಿ ಬಿಡದ ಮುಟ್ಟಬಾರ್ದು ಅಂತ."

"ಅಕ್ಕಾ, ಕಾಗದದಾಗ ಬರದಂಗ ನಡದ್ರ ಈ ಜೀಪು ರಸ್ತೆ ಬಿಟ್ಟು ಇಳಿಯಾಂಗನ ಇಲ್ಲ" ಎಂದು ನಕ್ಕರು.

ಅಷ್ಟರಲ್ಲಿ ಮಾಬುಸಾಬರು ಗಿಡ್ಡ ಮಣೆಯನ್ನು ಚಕ್ರದ ಎದುರಿಗೆ ಎಳೆದುಕೊಂಡು ಕೂತಿದ್ದರು. ಅವರ ಮುಖಕ್ಕೂ ರಿಂಗಿಗೂ ಒಂದು ಮೊಳದ ಅಂತರ. ಬೋಲ್ಟುದುರಿದ ಜಾಗದ ಪಕ್ಕದಿಂದಲೇ ಸಾಲಾಗಿ ಬಿಚ್ಚಲು ಹತ್ತಿದರು. ಒಂದು. ಎರಡು.

"ಮಾಬುಸಾಬ್ರೇ, ಗಾಳಿ ಬಿಟ್ಟು ಬಿಚ್ರಿ" ಎಂದೆ. ಇದು ಮೂರನೆಯ ಸಲ. ಈ ಮೂರು ಸಲವೂ ನಾನು ಮೆತ್ತಗೇ ಹೇಳಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ.

ಅವರು ಒಮ್ಮೆ ನನ್ನನ್ನು, ಒಮ್ಮೆ ಯಜಮಾನರನ್ನು ನೋಡಿದರು. ಯಜಮಾನರು "ಏನಾಗಂಗಿಲ್ಲ, ತಗೀರಿ" ಎಂದು ಕೈ ಬೀಸಿದರು. ಮಾಬುಸಾಬರು ನಕ್ಕು, "ಗಾಬರ್ಯಾಗಬ್ಯಾಡ್ರಿ ಅಮ್ಮಾರ, ಗಾಡಿ ಅವರದು, ಅವರಿಗೆ ಗೊತ್ತಿರತೈತಿ" ಎಂದರು. ಮೂರು. ನಾಲ್ಕು.

ಐದನೆಯದು ಹೊರಗೆ ಬಂದಾಗ ನಾನು ರಿಂಗನ್ನೇ ನೋಡುತ್ತಿದ್ದೆ. ಬೋಲ್ಟಿಲ್ಲದ ಆ ಬದಿಯಲ್ಲಿ ಹೊಸ ಕೆಂಪು ಬಣ್ಣದ ಮೇಲೆ ಕೂದಲಿನಂಥ ಒಂದು ಬಿರುಕು ಮೂಡಿತು. ಬಣ್ಣದ ಒಂದು ಚಕ್ಕೆ ಎದ್ದು ಅವರ ಮೊಣಕಾಲಿನ ಮೇಲೆ ಬಿತ್ತು. ರಿಂಗಿಗೂ ಡಿಸ್ಕಿಗೂ ನಡುವೆ ಉಗುರು ತೂರುವಷ್ಟು ಸಂದು ಕಾಣಿಸಿತು. ಒಂದು ಕ್ಷಣದ ಹಿಂದೆ ಅದು ಇರಲಿಲ್ಲ. ಮಾಬುಸಾಬರು ಆರನೆಯ ಬೋಲ್ಟಿಗೆ ಪಾನಾ ಸಿಕ್ಕಿಸಿದ್ದರು.

ಆಗ ನನ್ನ ಬಾಯಿಂದ ಬಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

"ಏಳೋ ಮ್ಯಾಲ, ಮುದುಕಾ! ತಲಿಯಾಗ ಬುದ್ಧಿ ಐತೇನು ನಿನಗ? ಏಳು!"

ಹಿರಿಯರಿಗೆ ನಾನು ಹುಟ್ಟಿದಾಗಿನಿಂದ ಏಕವಚನ ಆಡಿದವಳಲ್ಲ. ಅದೂ ರಸ್ತೆಯಲ್ಲಿ, ಪರಿಚಯವಿಲ್ಲದವರಿಗೆ. ಪಕ್ಕದ ಚಹದ ಅಂಗಡಿಯಲ್ಲಿ ಕೂತಿದ್ದವರು ತಿರುಗಿ ನೋಡಿದರು. "ಸುಧಾ!" ಎಂದು ಯಜಮಾನರು ಗದರಿದರು. ಮಾಬುಸಾಬರ ಮುಖ ಕಪ್ಪಿಟ್ಟಿತು. ಪಾನಾವನ್ನು ಬೋಲ್ಟಿಗೆ ಸಿಕ್ಕಿಸಿಟ್ಟ ಹಾಗೇ ಬಿಟ್ಟು ಎದ್ದರು. ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ನನ್ನ ಕಡೆಗೆ ನಡೆದು ಬಂದರು. ನಾಲ್ಕು ಹೆಜ್ಜೆ, ಇಲ್ಲವೆ ಐದು.

"ಏನಂದ್ರಿ ಅಮ್ಮಾ? ಇನ್ನೊಂದ್ಸಲ ಅನ್ರಿ ನೋಡೋಣು. ನಲವತ್ತು ವರ್ಷಾತು ಈ ಕೆಲಸ ಮಾಡಾಕತ್ತು..."

ಆ ಮಾತು ಮುಗಿಯಲಿಲ್ಲ.

ಸದ್ದು ಹೇಗಿತ್ತೆಂದು ಹೇಳಲು ನನಗೆ ಬರುವುದಿಲ್ಲ. ಸದ್ದಿಗಿಂತ ಮೊದಲು ಎದೆಗೆ ಒಂದು ಏಟು ಬಿದ್ದಂತಾಯಿತು. ಕಣ್ಣಿಗೆ ಧೂಳು. ಕಿವಿಯಲ್ಲಿ ಸೀಟಿ. ಧೂಳು ಇಳಿದಾಗ ಜೀಪು ಜಾಕಿಯಿಂದ ಜಾರಿ ನೆಲಕ್ಕೆ ಕೂತಿತ್ತು. ಟೈರಿನ ಅಂಚು ರಿಂಗನ್ನು ಬಾಗಿಸಿಕೊಂಡು ಹೊರಕ್ಕೆ ನುಗ್ಗಿತ್ತು. ಉಳಿದ ಹದಿನಾರು ಬೋಲ್ಟುಗಳಲ್ಲಿ ಏಳರ ತಲೆ ಹಾರಿಹೋಗಿತ್ತು. ಒಂದು ತಲೆ ಚಪ್ಪರದ ತಗಡನ್ನು ತೂತು ಮಾಡಿತ್ತು. ಅವರು ಬಿಟ್ಟುಬಂದಿದ್ದ ಪಾನಾ ಕೂರುವ ಮಣೆಗೆ ಬಡಿದಿತ್ತು. ಮಣೆ ಉದ್ದಕ್ಕೆ ಎರಡು ಸೀಳಾಗಿತ್ತು. ಇವೆಲ್ಲವನ್ನೂ ನಾನು ಆಮೇಲೆ ಎಣಿಸಿದ್ದು. ಆಗ ಕಂಡದ್ದು ಆ ಮಣೆ ಒಂದೇ.

ಮಾಬುಸಾಬರು ತಿರುಗಿ ಮಣೆಯನ್ನು ನೋಡಿದರು. ಆಮೇಲೆ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಮುಖವನ್ನು ಮುಟ್ಟಿ ನೋಡಿಕೊಂಡರು. ವೀರೇಶ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ಯಜಮಾನರು ರಸ್ತೆಯ ಅಂಚಿನಲ್ಲಿ ಕೂತುಬಿಟ್ಟಿದ್ದರು. ಅವರ ಬಾಯಿಂದ ಬಂದ ಮೊದಲ ಮಾತು:

"ಟೈರು ಹೊಸಾದಿತ್ತು..."

ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. "ಸುಡುಗಾಡು ಟೈರು!" ಎಂದು ಕೂಗಿದೆ. ಆ ಒಂದು ಮಾತಿಗೆ ಅವರನ್ನು ಕ್ಷಮಿಸಲು ನನಗೆ ಎರಡು ತಿಂಗಳು ಹಿಡಿಯಿತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಬಂತು ಎಂದು ಅವರು ಹೇಳುತ್ತಾರೆ. ಇರಬಹುದು. ನನ್ನ ಬಾಯಿಗೂ ಬಂದದ್ದು ಬಂದಿತ್ತಲ್ಲ.

ಚಹದ ಅಂಗಡಿಯವರು ನೀರು ತಂದುಕೊಟ್ಟರು. ಮಾಬುಸಾಬರು ಕುಡಿಯದೆ ಲೋಟವನ್ನು ಪಕ್ಕಕ್ಕಿಟ್ಟರು. ಬಹಳ ಹೊತ್ತಿನ ಮೇಲೆ ಯಜಮಾನರ ಹತ್ತಿರ ಹೋಗಿ ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಸಾರ್, ಲಾರಿ ಚಕ್ರದಾಗ ರಿಂಗ ಇರತೈತಿ. ಗಾಳಿ ಬಿಡದ ನಾ ಅದನ್ನ ಒಂದಿನಾನೂ ಮುಟ್ಟಿಲ್ಲ. ನಮ್ಮಪ್ಪ ಕಲಿಸಿದ್ದು. ಇವತ್ತ ನೀವು ಏನಾಗಂಗಿಲ್ಲ ಅಂದ್ರಿ. ದೊಡ್ಡಾರು, ಓದಿದಾರು, ಗೊತ್ತಿದ್ದ ಅಂತಿರಬೇಕು ಅಂತ ಮುಟ್ಟಿದೆ."



ಜೀಪನ್ನು ಅಲ್ಲೇ ಬಿಟ್ಟು, ವೀರೇಶರ ಜೀಪಿನಲ್ಲಿ ನಾವು ಬಳ್ಳಾರಿಗೆ ಮರಳಿದೆವು. ಅವರ ಮನೆಯ ಊಟ ಅಲ್ಲೇ ಉಳಿಯಿತು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಎಲ್ಲರನ್ನೂ ಬೈದುಕೊಂಡೆ. ಗೆರೆ ಒರೆಸಲು ಹೇಳಿದ ಅತ್ತೆಯವರನ್ನು, ಒರೆಸಿದ ಯಜಮಾನರನ್ನು, ನಕ್ಕ ವೀರೇಶರನ್ನು. ಬಳ್ಳಾರಿಯ ಗುಡ್ಡ ಕಾಣುವಷ್ಟರಲ್ಲಿ ಬೈಯಲು ಯಾರೂ ಉಳಿಯಲಿಲ್ಲ. ಆಗ ನನ್ನ ಸರದಿ ಬಂತು. ವಿಜಯದಶಮಿಯಿಂದ ಆ ದಿನದವರೆಗೂ ಟಿಕ್ ಪಾನಾ ನಾನು ದಿನಾ ತೆಗೆಯುವ ಬೀರುವಿನಲ್ಲೇ ಇತ್ತು. ನಾನೇ ಅಂಟಿಸಿದ ಕಾಗದದ ಕೆಳಗೆ. ಒಂದು ಗಂಟೆಯ ಕೆಲಸ. ಮುನಿಸಿಗೆ ಬಿದ್ದು ಮಾಡಲಿಲ್ಲ. ಅವರು ಕಲಿಯಲಿ ಎಂದುಕೊಂಡೆ. ಕಲಿಯಬೇಕಾದವರು ಎರಡು ಮಾರು ದೂರ ನಿಂತಿದ್ದರು. ಚಕ್ರದ ಮುಂದೆ ಕೂತಿದ್ದವರು ನಮ್ಮ ಮನೆಯ ಜಗಳ ಯಾವುದೆಂದೇ ತಿಳಿಯದ ಒಬ್ಬ ಮನುಷ್ಯ.

ಅತ್ತೆಯವರಿಗೆ ನಡೆದದ್ದನ್ನು ಯಜಮಾನರೇ ಹೇಳಿದರು. ಕೇಳಿದ ಅತ್ತೆಯವರು ದೇವರ ಮನೆಗೆ ಹೋಗಿ ಬಹಳ ಹೊತ್ತು ಕೂತರು. ಬೀಡ್‌ಲಾಕ್ ಚಕ್ರಗಳು ಈಗ ಬಂಡೆಯ ಹತ್ತಿರ ಹೋದ ಮೇಲಷ್ಟೇ ಜೀಪಿಗೆ ಏರುತ್ತವೆ. ರಸ್ತೆಗೆ ಸಾದಾ ಚಕ್ರ. ಬದಲಾಯಿಸುವ ಕೆಲಸ ಯಜಮಾನರದು. ಬಿಗಿ ನೋಡುವ ಕೆಲಸವೂ ಅವರದೇ, ಫೋನು ಮನೆಯೊಳಗಿಟ್ಟು. ಗೆರೆ ಎಳೆಯುವುದು ಮಾತ್ರ ನಾನು. ಈ ವರ್ಷದ ಆಯುಧ ಪೂಜೆಯಲ್ಲಿ ಅತ್ತೆಯವರು ಟಿಕ್ ಪಾನಾಕ್ಕೆ ಗಂಧ ಹಚ್ಚಿ, ಒಂದು ಹೂವಿಟ್ಟು, ಮಣೆಯ ಮೇಲೆ ಇಡದೆ ನೇರ ನನ್ನ ಕೈಗೆ ಕೊಟ್ಟರು. "ಇದು ಕೂಡೂದು ಬ್ಯಾಡ. ಇದರ ಪೂಜಾ ಇಷ್ಟ ಸಾಕು" ಎಂದರು.

ಆದರೆ ನನ್ನಲ್ಲಿ ಉಳಿದಿರುವುದು ಬೇರೆಯದೇ ಒಂದು ಮಾತು. ಆ ಘಟನೆಯಾದ ಎರಡು ವಾರಕ್ಕೆ ನಾವಿಬ್ಬರೂ ಮಾಬುಸಾಬರ ಅಂಗಡಿಗೆ ಹೋದೆವು. ಬಡಗಿಯಿಂದ ಮಾಡಿಸಿದ ಹೊಸ ಮಣೆಯನ್ನು ಒಯ್ದಿದ್ದೆವು. ಸೀಳಿದ ಮಣೆಯನ್ನು ಅವರು ಎಸೆದಿರಲಿಲ್ಲ, ತಂತಿಯಿಂದ ಬಿಗಿದು ಅದರ ಮೇಲೆಯೇ ಕೂತಿದ್ದರು. ಯಜಮಾನರು ಅವರ ಎರಡೂ ಕೈ ಹಿಡಿದು ಕ್ಷಮೆ ಕೇಳಿದರು. ನಾನೂ ಕೇಳಿದೆ, "ಅವತ್ತು ಬಾಯಿಗೆ ಬಂದಂಗ ಅಂದ್ಬಿಟ್ಟೆ. ಹಿರಿಯರಿಗೆ ಹಂಗ ಅನ್ನಬಾರ್ದಿತ್ತು" ಎಂದು.

ಮಾಬುಸಾಬರು ನಕ್ಕರು. ಕೈಯಲ್ಲಿದ್ದ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತ ಹೇಳಿದರು:

"ಅಮ್ಮಾರ, ಮೂರು ಸಲ ಮೆತ್ತಗ ಹೇಳಿದ್ರಿ. ನಾ ಕೇಳಿದ್ನೇನು? ಸಿಟ್ಟು ಬಂತು ನೋಡ್ರಿ, ಈಕಿನ್ನ ಕೇಳೇಬಿಡ್ತೀನಿ ಅಂತ ಎದ್ದೆ. ನಾಲ್ಕನೇ ಸಲಾನೂ ನೀವು ಮೆತ್ತಗ ಹೇಳಿದ್ರ, ನಾನು ಕೂತ ಇರ್ತಿದ್ದೆ."

ಹೊಸ ಮಣೆಯನ್ನು ಅವರ ಪಕ್ಕದಲ್ಲಿಟ್ಟು ಬಂದೆ. ಈಗಲೂ ಭಾನುವಾರ ಬೆಳಿಗ್ಗೆ ಬೋಲ್ಟುಗಳಿಗೆ ಗೆರೆ ಎಳೆಯುತ್ತೇನೆ. ಎಡಗಡೆಯ ಹಿಂದಿನ ಚಕ್ರಕ್ಕೆ ಬಂದಾಗ, ಎದುರಿಗೆ ಕೂರದೆ ಬದಿಗೆ ಸರಿದು ಕೂರುತ್ತೇನೆ. ಐದನೆಯ ಬೋಲ್ಟಿಗೆ ಗೆರೆ ಹಾಕುವಾಗ ಕೈ ತಾನಾಗಿಯೇ ನಿಲ್ಲುತ್ತದೆ. ನಾನು ನಾಲ್ಕನೆಯ ಸಲವೂ ಮೆತ್ತಗೇ ಹೇಳುವವಳಿದ್ದೆ. ಬಣ್ಣದ ಆ ಚಕ್ಕೆ ಅವರ ಮೊಣಕಾಲಿನ ಮೇಲೆ ಬೀಳದೆ ಇದ್ದಿದ್ದರೆ.